ಮಳೆ ತಾರದ ಸಿಡಿಲು

ಗುಡುಗು ಕೇಳಿದರೆ ಸಾಕು, ಮಳೆ ಬಂತೆಂದು ಅಂಗಳದಲ್ಲಿ ಹರಡಿದ ಕಾಳು ಬಾಚಲು ಓಡುವವರು ನಾವು. ಗುಡುಗು ಸಿಡಿಲು ಬಂದು ಮಳೆ ಮಾತ್ರ ನೆಲ ಮುಟ್ಟದಿದ್ದರೆ ಏನಾದೀತು?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2020ರ ಆಗಸ್ಟ್ ನಡುವೆ ಹಾಗೇ ಆಯಿತು. ಅಲ್ಲಿ ಬೇಸಿಗೆಯಲ್ಲಿ ಮಳೆ ಅಪರೂಪ. ಹುಲ್ಲು, ಪೊದೆ ಒಣಗಿ ನಿಂತಿದ್ದವು. ಮೋಡ ಬಹಳ ಎತ್ತರದಲ್ಲಿ ಕಟ್ಟಿತು; ಅದರ ಕೆಳಗಿನ ಗಾಳಿ ಬಿಸಿ, ಒಣ. ಉದುರಿದ ಹನಿ ನಡುದಾರಿಯಲ್ಲೇ ಆವಿಯಾಯಿತು. ಸಿಡಿಲು ಮಾತ್ರ ನೆಲಕ್ಕೆ ಬಂತು. ಕೆಲವೇ ದಿನಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸಿಡಿಲು, ನೂರಾರು ಕಡೆ ಬೆಂಕಿ. ಅವುಗಳಲ್ಲಿ 38 ಬೆಂಕಿಗಳನ್ನು ಸೇರಿಸಿ 'ಆಗಸ್ಟ್ ಕಾಂಪ್ಲೆಕ್ಸ್' ಎಂದು ಕರೆದರು. ಅದೊಂದೇ 10 ಲಕ್ಷ ಎಕರೆ ದಾಟಿತು. ನವೆಂಬರ್‌ವರೆಗೂ ಪೂರಾ ಹಿಡಿತಕ್ಕೆ ಬರಲಿಲ್ಲ. ಸಿಡಿಲು ಹೊಡೆದ ಮರದೊಳಗೆ ಕೆಂಡ ದಿನಗಟ್ಟಲೆ ಅಡಗಿದ್ದು, ಗಾಳಿ ಎದ್ದಾಗ ಹೊತ್ತಿಕೊಳ್ಳುವುದೂ ಉಂಟು.

ನಮ್ಮ ತಾಳವಾಡಿ ಸೀಮೆಯ ಮಾತು ಬೇರೆ. ಇಲ್ಲಿ ಅಶ್ವಿನಿ, ಭರಣಿ ಮಳೆಯ ಸಿಡಿಲು ಸಾಮಾನ್ಯವಾಗಿ ನೀರನ್ನೂ ತರುತ್ತದೆ. ಕಾಡು ಉರಿಯುವುದು ಅದಕ್ಕೂ ಮುಂಚೆ, ಫೆಬ್ರವರಿ ಮಾರ್ಚಿಯಲ್ಲಿ, ಆಕಾಶ ಬೋಳಾಗಿರುವಾಗ. 2019ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರ ಸಾವಿರಾರು ಎಕರೆ ಸುಟ್ಟದ್ದು ಸಿಡಿಲಿನಿಂದಲ್ಲ. ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಬಹುಪಾಲು ಮನುಷ್ಯರ ಕೈಯವೇ.

ಆ ಕೈಗಳಲ್ಲಿ ನನ್ನದೂ ಒಂದು. ಬ್ಯಾಂಕಿನಿಂದ ನಿವೃತ್ತನಾಗಿ ಊರಿಗೆ ಬಂದ ಮೊದಲ ಮಾರ್ಚಿಯಲ್ಲಿ, ಹೊಲದ ಬದುವಿನ ಕಸಕ್ಕೆ ಕಡ್ಡಿ ಗೀರಿದೆ. ಮಧ್ಯಾಹ್ನದ ಗಾಳಿ ಬಂತು. ಬೆಂಕಿ ಬೇಲಿ ಹಾರಿ ಪಕ್ಕದವರ ಹುಲ್ಲುಮೆದೆಗೆ, ಅಲ್ಲಿಂದ ಕುರುಚಲಿಗೆ ಹಬ್ಬಿತು. ತಮಿಳಿನವರು, ಕನ್ನಡದವರು ಎಲ್ಲ ಓಡಿಬಂದು ಹಸಿ ಸೊಪ್ಪಿನಿಂದ ಬಡಿದು ಆರಿಸಿದರು. ಮೆದೆಯ ಬೆಲೆ ಕೊಟ್ಟೆ. ಆದರೆ ಮೇವಿಲ್ಲದೆ ಅವರು ಎತ್ತಿನ ಜೋಡಿ ಮಾರಿದರು. ಮೂವತ್ತು ವರ್ಷ ಲೆಕ್ಕ ಬರೆದ ನನಗೆ ಆ ಲೆಕ್ಕ ತೀರಿಸಲಾಗಲಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ: ಕಸವನ್ನು ಗುಂಡಿಗೆ ಹಾಕಿ, ಗೊಬ್ಬರವಾದೀತು. ಸುಡಲೇಬೇಕಾದರೆ ಮಳೆ ಬಿದ್ದು ನೆಲ ನೆನೆದ ಮೇಲೆ, ಗಾಳಿಯಿಲ್ಲದ ಮುಂಜಾನೆ, ಸುತ್ತ ಕೆತ್ತಿ, ಕೊಡ ನೀರಿಟ್ಟುಕೊಂಡು ಸುಡಿ. ಬೂದಿಗೂ ನೀರು ಹೊಯ್ಯಿರಿ. ಕಾಡಂಚಿನಲ್ಲಿ ಬೀಡಿ ಎಸೆಯಬೇಡಿ. ಹೊಗೆ ಕಂಡರೆ ಕೂಡಲೇ ಅರಣ್ಯದವರಿಗೆ ತಿಳಿಸಿ.

ಸಿಡಿಲನ್ನು ತಡೆಯಲು ನಮ್ಮಿಂದಾಗದು. ಕಡ್ಡಿಪೆಟ್ಟಿಗೆ ಇರುವುದು ನಮ್ಮ ಜೇಬಿನಲ್ಲೇ.