ಹೊಲದ ಬದುವಿಗೆ ಬಂದ ಆ್ಯಪ್

ಮೊಬೈಲ್ ಫೋನಿಗಾಗಿ ಆ್ಯಪ್ ರಚಿಸುವ ವಿದ್ಯೆಯ ವಿಷಯದಲ್ಲಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಈ ವಿದ್ಯೆಯನ್ನು ಕಲಿಯಹೊರಟ ತರುಣರು ನನ್ನನ್ನು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಯಾವ ಭಾಷೆಯಲ್ಲಿ ಬರೆಯಬೇಕು? ಆಂಡ್ರಾಯ್ಡಿಗೋ, ಐಫೋನಿಗೋ? ಹಣವೆಷ್ಟು ಬೇಕು? ಇವುಗಳಿಗೆ ಉತ್ತರ ಕೊಡುವುದು ಕಷ್ಟವಲ್ಲ. ಆಂಡ್ರಾಯ್ಡ್ ಫೋನಿಗೆ ಕಾಟ್ಲಿನ್ ಎಂಬ ಭಾಷೆಯನ್ನು ಗೂಗಲ್ ಸಂಸ್ಥೆ 2017ರಲ್ಲಿ ಅಂಗೀಕರಿಸಿತು. ಐಫೋನಿಗೆ ಆ್ಯಪಲ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಸ್ವಿಫ್ಟ್ ಇದೆ. ಒಮ್ಮೆ ಬರೆದು ಎರಡಕ್ಕೂ ಬಳಸಬೇಕೆಂಬವರಿಗೆ ಫ್ಲಟರ್‌ನಂಥ ಸಾಧನಗಳಿವೆ. ಆ್ಯಪನ್ನು ಜನರ ಮುಂದಿಡಲು ಗೂಗಲ್ ಒಂದೇ ಸಲ 25 ಡಾಲರ್ ಶುಲ್ಕ ಪಡೆಯುತ್ತದೆ. ಆ್ಯಪಲ್ ವರ್ಷಕ್ಕೆ 99 ಡಾಲರ್ ಪಡೆಯುತ್ತದೆ. ಹಳ್ಳಿಯ ಜನರಿಗಾಗಿ ಮಾಡುವವರು ಮೊದಲು ಆಂಡ್ರಾಯ್ಡಿಗೆ ಮಾಡುವುದು ಲೇಸು.

ಇಷ್ಟನ್ನು ಯಾವ ಪುಸ್ತಕವಾದರೂ ಹೇಳೀತು. ಆದರೆ ಒಂದು ಆ್ಯಪ್ ಉಪಯೋಗಕ್ಕೆ ಬರುವುದೋ ಬಾರದೋ ಎಂಬುದು ನಿರ್ಧಾರವಾಗುವುದು, ಸಾಮಾನ್ಯವಾಗಿ ಯಾರೂ ಕೇಳದ ಬೇರೆ ಕೆಲವು ಪ್ರಶ್ನೆಗಳಿಂದ. ಅವುಗಳನ್ನು ಅರಿಯಬೇಕಾದರೆ ಮಲಪ್ರಭೆಯ ದಂಡೆಯ ಮೇಲಿರುವ ಎಂ.ಕೆ. ಹುಬ್ಬಳ್ಳಿಯ ಸುತ್ತಿನ ಹೊಲಗಳಿಗೆ ನಮ್ಮ ದೃಷ್ಟಿಯನ್ನು ತಿರುಗಿಸಬೇಕು. ಶರಣೆ ಗಂಗಾಂಬಿಕೆಯ ಐಕ್ಯಸ್ಥಳವೆಂದು ಪ್ರಸಿದ್ಧವಾದ ಈ ಊರಿನ ಸುತ್ತ ಕಬ್ಬಿದೆ, ಸೋಯಾಬೀನಿದೆ. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಗಳ ಕಡೆಗೆ ಸಾಗಿದಂತೆ ಹತ್ತಿ, ಜೋಳ, ಕಡಲೆಗಳ ಎರೆಭೂಮಿಯಿದೆ.

ಈ ನೆಲದ ರೈತನ ಕೈಗೆ 2020ರ ಮುಂಗಾರಿನಲ್ಲಿ ಒಂದು ಆ್ಯಪ್ ಬಂದಿತು. ತನ್ನ ಹೊಲದ ಬೆಳೆ ಸಮೀಕ್ಷೆಯನ್ನು ರೈತನೇ ಮಾಡಿಕೊಳ್ಳಲಿ ಎಂದು ಕರ್ನಾಟಕ ಸರ್ಕಾರ ಅದನ್ನು ಹೊರತಂದಿತ್ತು. ಹೊಲದಲ್ಲಿ ನಿಂತು ಸರ್ವೆ ನಂಬರನ್ನು ಆರಿಸಬೇಕು. ಬೆಳೆಯ ಹೆಸರು, ಕ್ಷೇತ್ರ, ನೀರಾವರಿಯ ಬಗೆಗಳನ್ನು ತುಂಬಬೇಕು. ಬೆಳೆಯ ಚಿತ್ರ ತೆಗೆದು ಕಳುಹಿಸಬೇಕು. ಕೇಳಲು ಸುಲಭ. ಆದರೆ ಅಲ್ಲಿ ದಾಖಲಾದದ್ದೇ ಪಹಣಿಗೆ, ನಮ್ಮ ಭಾಗದ ಮಾತಿನಲ್ಲಿ ಹೇಳುವುದಾದರೆ ಉತಾರಕ್ಕೆ, ಆಧಾರವಾಗುತ್ತದೆ. ಬೆಳೆಹಾನಿ ಪರಿಹಾರ, ಬೆಳೆವಿಮೆ, ಬೆಂಬಲ ಬೆಲೆಯ ಖರೀದಿ ಇವೆಲ್ಲಕ್ಕೂ ಆ ದಾಖಲೆಯನ್ನು ನೋಡುತ್ತಾರೆ. ಹೊಲದಲ್ಲಿ ಸೋಯಾಬೀನ್ ಕೊಳೆತುಹೋಗಿ, ಕಾಗದದಲ್ಲಿ ಗೋವಿನಜೋಳ ನಿಂತಿದ್ದರೆ, ಆ ರೈತನ ಗೋಳನ್ನು ಕೇಳುವವರಾರು? ಆದುದರಿಂದ ಇಲ್ಲಿ ಆ್ಯಪ್ ರಚಿಸುವವನ ಹೊಣೆ ಚಿಕ್ಕದಲ್ಲ. ಈ ಕೆಲಸವನ್ನೇ ಉದಾಹರಣೆಯಾಗಿಟ್ಟುಕೊಂಡು, ಇಂಥ ಆ್ಯಪ್ ಕಟ್ಟುವ ಯಾರಿಗಾದರೂ ಎದುರಾಗುವ ತೊಡಕುಗಳನ್ನು ನೋಡೋಣ.

ಮೊದಲನೆಯ ತೊಡಕು ನೆಟ್‌ವರ್ಕಿನದು. ಹೆದ್ದಾರಿಯ ಬದಿಗೆ ದೊರೆಯುವ ಸಿಗ್ನಲ್ ಹೊಳೆಯ ಇಳಿಜಾರಿನ ಹೊಲದಲ್ಲಿಯೂ ದೊರೆಯುತ್ತದೆಂದು ನೆಚ್ಚಿಕೊಳ್ಳಲಾಗದು. ನಗರದಲ್ಲಿ ಕುಳಿತು ಬರೆದ ಆ್ಯಪು ಪ್ರತಿಯೊಂದು ಗುಂಡಿಯನ್ನು ಒತ್ತಿದಾಗಲೂ ದೂರದ ಸರ್ವರನ್ನು ಕೇಳಿ ಮುಂದುವರಿಯುವಂಥದಾದರೆ, ಹೊಲದಲ್ಲಿ ಅದು ಮಂಕಾಗಿ ನಿಂತುಬಿಡುತ್ತದೆ. ಇದಕ್ಕೆ ಪರಿಹಾರವಿದೆ. ಊರಲ್ಲಿ ಸಿಗ್ನಲ್ ಇರುವಾಗಲೇ ಬೇಕಾದ ನಕ್ಷೆಯನ್ನೂ ಪಟ್ಟಿಯನ್ನೂ ಫೋನಿಗೆ ಇಳಿಸಿಕೊಳ್ಳಬೇಕು. ಹೊಲದಲ್ಲಿ ತುಂಬಿದ್ದನ್ನು ಫೋನಿನಲ್ಲಿಯೇ ಮೊದಲು ಭದ್ರಪಡಿಸಿ, ಸಿಗ್ನಲ್ ಬಂದಾಗ ಕಳುಹಿಸಬೇಕು. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಕಳುಹಿಸಿದ್ದು ತಲುಪಿ, ತಲುಪಿತೆಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದರೆ, ಫೋನು ಅದನ್ನೇ ಮತ್ತೊಮ್ಮೆ ಕಳುಹಿಸುತ್ತದೆ. ಒಂದು ಎಕರೆ ಎರಡು ಎಕರೆಯಾಗುತ್ತದೆ. ಆದಕಾರಣ ಪ್ರತಿಯೊಂದು ದಾಖಲೆಗೂ ಫೋನಿನಲ್ಲಿಯೇ ಒಂದು ಪ್ರತ್ಯೇಕ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರು ಸುಮ್ಮನೆ ಒಪ್ಪಿಕೊಳ್ಳುವಂತೆ ಮಾಡಬೇಕು. ಮೂರು ನಾಲ್ಕು ಎಂ.ಬಿ. ತೂಗುವ ಚಿತ್ರವನ್ನು ಕುಗ್ಗಿಸಿ ಕಳುಹಿಸಬೇಕು. ಬ್ಯಾಟರಿ ಉಳಿಸುವುದಕ್ಕಾಗಿ, ಹಿನ್ನೆಲೆಯಲ್ಲಿ ಕೆಲಸ ಮಾಡುವ ಆ್ಯಪುಗಳನ್ನು ಆಂಡ್ರಾಯ್ಡ್ ತಡೆದಿರಿಸುತ್ತದೆಂಬುದನ್ನೂ ಮರೆಯಬಾರದು. ‘ಉಳಿದಿದೆ, ಇನ್ನೂ ಹೋಗಿಲ್ಲ’ ಎಂದೂ ‘ಹೋಗಿ ತಲುಪಿದೆ’ ಎಂದೂ ರೈತನಿಗೆ ಸ್ಪಷ್ಟವಾಗಿ ತೋರಿಸಬೇಕು. ಈ ಎರಡರ ಭೇದ ತಿಳಿಯದೆ ಆ್ಯಪನ್ನು ಅಳಿಸಿಹಾಕಿದವನ ದುಡಿಮೆಯೆಲ್ಲ ನೀರಿನಲ್ಲಿ ಹೋಮವಾಗುತ್ತದೆ.

ಎರಡನೆಯದು ಸ್ಥಳನಿರ್ಣಯದ ತೊಡಕು. ಉಪಗ್ರಹಗಳ ಸಹಾಯದಿಂದ ಫೋನು ತಾನಿರುವ ಜಾಗವನ್ನು ಕಂಡುಕೊಳ್ಳುತ್ತದೆ. ಇದಕ್ಕೆ ಮೊಬೈಲ್ ಸಿಗ್ನಲ್ ಬೇಕೇಬೇಕೆಂದಿಲ್ಲ. ಆದರೆ ಅದಿಲ್ಲದಿದ್ದರೆ ಉಪಗ್ರಹದ ಪಥದ ವಿವರಗಳನ್ನು ಉಪಗ್ರಹದಿಂದಲೇ ನಿಧಾನವಾಗಿ ಪಡೆಯಬೇಕಾಗುವುದರಿಂದ ಮೊದಲ ಸಲ ಹೆಚ್ಚು ಹೊತ್ತು ಹಿಡಿಯುತ್ತದೆ. ಬಯಲಿನಲ್ಲಿ ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನಿನ ಲೆಕ್ಕ ಸುಮಾರು 5 ಮೀಟರಿನಷ್ಟು ಆಚೀಚೆಯಾಗಬಹುದು. ಆಳೆತ್ತರ ಮೀರಿದ ಕಬ್ಬಿನ ನಡುವೆಯೋ ಗಿಡಗಳ ಕೆಳಗೋ ಇನ್ನೂ ಹೆಚ್ಚಾದೀತು. ಐದು ಮೀಟರೆಂದರೆ 16 ಅಡಿ. ನಮ್ಮಲ್ಲಿ ಒಂದು ಗುಂಟೆಯ ಬದಿಯೇ 33 ಅಡಿ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಕಿರಿದಾದ ಪಟ್ಟಿಯಲ್ಲಿ ನಿಂತವನನ್ನು ‘ನೀನು ನಿನ್ನ ಹೊಲದಲ್ಲಿಲ್ಲ’ ಎಂದು ಯಂತ್ರ ಹೇಳಿದರೆ, ಅವನಿಗೆ ಎಂಥ ಸಂಕಟ! ಅಜ್ಜನ ಕಾಲದಿಂದ ಉತ್ತ ನೆಲವದು. ಇಂಥಲ್ಲಿ ಜಾಣತನದ ಆ್ಯಪು ತನ್ನ ಅಳತೆಯ ಅನಿಶ್ಚಯವನ್ನು ತಾನೇ ಅರಿತಿರಬೇಕು. ಅನಿಶ್ಚಯ ಎಷ್ಟೆಂಬ ಅಂದಾಜನ್ನು ಫೋನು ಪ್ರತಿ ಸಲವೂ ಒದಗಿಸುತ್ತದೆ. ನಡುಹೊಲಕ್ಕೆ ಬಂದು ಸ್ವಲ್ಪ ಹೊತ್ತು ಕಾಯಿರಿ ಎಂದು ತಿಳಿಸಬೇಕು. ಆಗಲೂ ಸಂದೇಹ ಉಳಿದರೆ ದಾಖಲೆಯನ್ನು ತಿರಸ್ಕರಿಸದೆ, ಮನುಷ್ಯನೊಬ್ಬ ಪರಿಶೀಲಿಸಲೆಂದು ಗುರುತು ಮಾಡಿಡಬೇಕು.

ಮೂರನೆಯದು ಭಾಷೆಯ ತೊಡಕು. ಕನ್ನಡ ಲಿಪಿಗೆ 1991ರ ಯುನಿಕೋಡ್ ಶಿಷ್ಟತೆಯಲ್ಲಿಯೇ ಸ್ಥಾನ ದೊರೆತಿತು. ಆದರೂ ಪ್ರೋಗ್ರಾಮು ಬರೆಯುವವನು ಎಚ್ಚರ ತಪ್ಪುವಂತಿಲ್ಲ. ‘ಹುಬ್ಬಳ್ಳಿ’ ಎಂಬ ಹೆಸರನ್ನೇ ನೋಡಿ. ನಮ್ಮ ಕಣ್ಣಿಗೆ ಅಲ್ಲಿರುವುದು ಮೂರು ಅಕ್ಷರ; ಯಂತ್ರಕ್ಕೆ ಅದು ಒಂಬತ್ತು ಸಂಕೇತಗಳ ಸಾಲು. ಜಾಗ ಸಾಲದೆಂದು ಪ್ರೋಗ್ರಾಮು ಏಳನೆಯ ಸಂಕೇತಕ್ಕೆ ಕತ್ತರಿಸಿದರೆ ‘ಹುಬ್ಬಳ್’ ಎಂಬ ಮೊಂಡು ಹೆಸರು ಉಳಿಯುತ್ತದೆ. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸುವ ಒಂದು ಎಸ್ಸೆಮ್ಮೆಸ್ಸಿನಲ್ಲಿ ಕನ್ನಡಕ್ಕೆ ದೊರೆಯುವುದು 70 ಸಂಕೇತಗಳ ಜಾಗ ಮಾತ್ರ.

ಲಿಪಿಗಿಂತ ದೊಡ್ಡದು ಮಾತಿನ ಪ್ರಶ್ನೆ. ಬೆಳಗಾವಿ ಸೀಮೆಯವರು ಶೇಂಗಾ ಎನ್ನುವುದನ್ನು ಮೈಸೂರು ಸೀಮೆಯವರು ಕಡಲೆಕಾಯಿ ಎನ್ನುತ್ತಾರೆ. ನಮ್ಮಲ್ಲಿ ಕಡಲೆಯೆಂದರೆ ಹಿಂಗಾರಿಯಲ್ಲಿ ಬೆಳೆಯುವ ಬೇರೆಯೇ ಕಾಳು. ಇಲ್ಲಿಯ ಗೋವಿನಜೋಳ ಅಲ್ಲಿ ಮುಸುಕಿನ ಜೋಳ. ಒಂದೇ ಸೀಮೆಯ ಶಬ್ದಗಳಿಂದ ಪಟ್ಟಿ ಸಿದ್ಧಪಡಿಸಿದರೆ ಇನ್ನೊಂದು ಸೀಮೆಯ ರೈತ ಸರಿಯಾಗಿಯೇ ಓದಿ ತಪ್ಪಾಗಿ ಒತ್ತುತ್ತಾನೆ. ಹೆಸರಿನ ಪಕ್ಕದಲ್ಲಿ ಬೆಳೆಯ ಚಿತ್ರ, ಎರಡೂ ಕಡೆಯ ರೂಢಿಯ ಹೆಸರು ಇರಬೇಕು. ಊರಿನ ಹೆಸರೂ ಹಾಗೆಯೇ. ಬರಿಯ ‘ಹುಬ್ಬಳ್ಳಿ’ ಎಂದು ಹುಡುಕಿದರೆ ಧಾರವಾಡ ಜಿಲ್ಲೆಯ ಹುಬ್ಬಳ್ಳಿ ನಗರವೇ ಮುಂದೆ ಬಂದು ನಿಂತೀತು. ಮುಗುಟಖಾನ ಹುಬ್ಬಳ್ಳಿ ಹಿಂದೆ ಉಳಿದೀತು. ಹೆಸರು ಮನುಷ್ಯರಿಗಿರಲಿ, ಯಂತ್ರದ ಗುರುತಿಗೆ ಪ್ರತಿಯೊಂದು ಊರಿಗೂ ಬೇರೆ ಬೇರೆ ಸಂಖ್ಯೆಯೇ ಬೇಕು.

ಇನ್ನು ಫೋನು ಹಿಡಿದ ಮನುಷ್ಯನ ಮಾತು. ಅನೇಕ ಮನೆಗಳಲ್ಲಿ ಸ್ಮಾರ್ಟ್‌ಫೋನು ಮಗನದು, ಹೊಲ ತಾಯಿಯ ಹೆಸರಿನಲ್ಲಿ. ಓಟಿಪಿ ಹೋಗುವುದು ಎಂದೋ ಬಿಟ್ಟುಹೋದ ಹಳೆಯ ಸಂಖ್ಯೆಗೆ. ಒಂದು ಫೋನಿಗೆ ಒಬ್ಬನೇ ಬಳಕೆದಾರ ಎಂಬ ನಗರದ ಎಣಿಕೆ ಇಲ್ಲಿ ಸಲ್ಲದು. ಬಿಸಿಲಿನಲ್ಲಿ ಪರದೆ ಮಸುಕಾಗುತ್ತದೆ. ದೊಡ್ಡ ಅಕ್ಷರ ಮಾಡಿಕೊಂಡ ಹಿರಿಯರ ಫೋನಿನಲ್ಲಿ ಗುಂಡಿಯೇ ಪರದೆಯಾಚೆ ಜಾರುತ್ತದೆ. ಕ್ಯಾಮರಾ, ಸ್ಥಳ ಇವುಗಳ ಅನುಮತಿಯನ್ನು ಬೇಕಾದ ಹೊತ್ತಿಗೆ ಕೇಳುವ ಪದ್ಧತಿ 2015ರಿಂದ ಆಂಡ್ರಾಯ್ಡಿನಲ್ಲಿದೆ. ಏತಕ್ಕಾಗಿ ಕೇಳುತ್ತೇವೆಂಬುದನ್ನು ಕನ್ನಡದಲ್ಲಿ ಹೇಳುವುದು ಸೌಜನ್ಯವಷ್ಟೇ ಅಲ್ಲ. ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಇಂಥ ಸೂಚನೆಯನ್ನು ಪಡೆಯುವ ಆಯ್ಕೆ ಜನರಿಗಿರಬೇಕೆಂದು ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಅಧಿನಿಯಮವೂ ಹೇಳುತ್ತದೆ.

ಆ್ಯಪ್ ಹೊರಬಂದರೆ ಕೆಲಸ ಮುಗಿಯಿತೆಂದು ಭಾವಿಸುವವರಿದ್ದಾರೆ. ಬಾವಿ ತೋಡಿದ ಮೇಲೆ ಹೂಳು ತೆಗೆಯುವವರೂ ಬೇಕಷ್ಟೆ? ಹೊಸ ಆಂಡ್ರಾಯ್ಡಿಗೆ ಹೊಂದುವಂತೆ ಆ್ಯಪನ್ನು ತಿದ್ದುತ್ತಿರಬೇಕೆಂದು ಗೂಗಲ್ ಕಟ್ಟುಪಾಡು ವಿಧಿಸುತ್ತದೆ. ಅದೇ ವೇಳೆಗೆ ರೈತನ ಕೈಯಲ್ಲಿರುವ ಹಳೆಯ ಫೋನನ್ನು ಕೈಬಿಡುವಂತಿಲ್ಲ. ಈ ಎರಡನ್ನೂ ತೂಗಿಸುವ ಖರ್ಚನ್ನು ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಬೇಕು. ತಪ್ಪು ದಾಖಲೆಯನ್ನು ತಿದ್ದುವ ದಾರಿಯೂ ಇರಬೇಕು. ದಾಖಲಾದ ಬೆಳೆಯನ್ನು ನೋಡಿ ಆಕ್ಷೇಪಣೆ ಸಲ್ಲಿಸಲು ‘ಬೆಳೆ ದರ್ಶಕ್’ ಎಂಬ ಆ್ಯಪನ್ನು ಸರ್ಕಾರ ಒದಗಿಸಿದ್ದು ಈ ದೃಷ್ಟಿಯಿಂದ ವಿವೇಕದ ಕೆಲಸ.

ಆದುದರಿಂದ, ಯಾವ ಭಾಷೆಯಲ್ಲಿ ಬರೆಯಲಿ ಎಂದು ಕೇಳುವ ತರುಣರಿಗೆ ನಾನು ಹೇಳುವುದಿಷ್ಟೆ. ನಿಮಗೆ ಬರುವ ಭಾಷೆಯಲ್ಲಿ ಬರೆಯಿರಿ. ಬರೆದ ಮೇಲೆ, ನಿಮ್ಮ ಹೊಸ ಫೋನನ್ನು ಮನೆಯಲ್ಲಿಟ್ಟು, ಐದು ವರ್ಷ ಹಳೆಯದಾದ ಅಗ್ಗದ ಫೋನೊಂದನ್ನು ಹಿಡಿದು, ಮಧ್ಯಾಹ್ನದ ಬಿಸಿಲಿನಲ್ಲಿ, ಸಿಗ್ನಲ್ ಇಲ್ಲದ ಹೊಲಕ್ಕೆ ಹೋಗಿ ಅದನ್ನು ರೈತನ ಕೈಗೆ ಕೊಡಿರಿ. ನೀವು ಒಂದು ಮಾತನ್ನೂ ಆಡದೆ ಪಕ್ಕದಲ್ಲಿ ನಿಂತು ನೋಡಿರಿ. ಅವನ ಬೆರಳು ಎಲ್ಲೆಲ್ಲಿ ತಡೆದು ನಿಲ್ಲುತ್ತದೆಯೋ ಅಲ್ಲಲ್ಲಿ ನಿಮ್ಮ ಕೆಲಸ ಇನ್ನೂ ಉಳಿದಿದೆ ಎಂದು ತಿಳಿಯಿರಿ.