ಹಳೆಯ ಪೈಪು, ಹೊಸ ಪೈಪು: ಯಾವುದರ ಕೆಲಸ ಗಟ್ಟಿ?



ತಂಬಾಕು ಸೇದುವ ಪೈಪುಗಳನ್ನು ಸಂಗ್ರಹಿಸುವವರು ಎಲ್ಲಿ ಸೇರಿದರೂ ಒಂದು ವಾದ ಏಳದೆ ಇರುವುದಿಲ್ಲ. ಹಳೆಯ ಪೈಪಿನ ಕೆಲಸವೇ ಕೆಲಸ, ಈಗಿನದೆಲ್ಲ ಬರೀ ಹೊಳಪು ಎಂದು ಒಬ್ಬರು ಹೇಳುತ್ತಾರೆ. ಇವತ್ತಿನ ಕುಶಲಕರ್ಮಿ ಕೊರೆಯುವಷ್ಟು ನೇರವಾದ ತೂತನ್ನು ಆಗ ಯಾರು ಕೊರೆಯುತ್ತಿದ್ದರು ಎಂದು ಇನ್ನೊಬ್ಬರು ಕೇಳುತ್ತಾರೆ. ಈ ವಾದ ಬಗೆಹರಿಯಬೇಕಾದರೆ ಪೈಪು ಯಾವ ಕಾಲದಲ್ಲಿ ಯಾವುದರಿಂದ ತಯಾರಾಯಿತು, ಯಾರ ಕೈಗಾಗಿ ತಯಾರಾಯಿತು ಎಂಬುದನ್ನು ನೋಡಬೇಕು. ಇವತ್ತಿನ ನನ್ನ ಮಾತು ಅದರ ಬಗ್ಗೆ.

ತಂಬಾಕು ಅಮೆರಿಕ ಖಂಡದ ಗಿಡ. ಅದನ್ನು ಸೇದುವ ಅಭ್ಯಾಸವನ್ನು ಯುರೋಪಿನವರು ಅಲ್ಲಿನ ಮೂಲನಿವಾಸಿಗಳಿಂದ ಕಲಿತು 16ನೇ ಶತಮಾನದಲ್ಲಿ ತಮ್ಮ ದೇಶಗಳಿಗೆ ತಂದರು. ಈ ಚರಿತ್ರೆಯಲ್ಲಿ ನಮ್ಮ ನಾಡಿನ ಹೆಸರೂ ಬಹಳ ಬೇಗ ಬರುತ್ತದೆ. ಅಕ್ಬರನ ರಾಯಭಾರಿ ಅಸದ್ ಬೇಗ್ ಮೊದಲ ಬಾರಿಗೆ ತಂಬಾಕನ್ನು ಕಂಡದ್ದು ವಿಜಯಪುರದಲ್ಲಿ, ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ. 1604ರ ಸುಮಾರಿಗೆ ಅವನು ತಂಬಾಕಿನ ಜೊತೆಗೆ ಒಂದು ಪೈಪನ್ನೂ ಆಗ್ರಾಕ್ಕೆ ಒಯ್ದು ಚಕ್ರವರ್ತಿಯ ಮುಂದಿಟ್ಟ. ಅದರ ಕೊಳವೆ ಮೂರು ಮೊಳ ಉದ್ದವಿತ್ತು, ಮೈಮೇಲೆ ರತ್ನ ಮತ್ತು ಮೀನಾಕಾರಿಯ ಅಲಂಕಾರವಿತ್ತು ಎಂದು ಅವನೇ ಬರೆದಿಟ್ಟಿದ್ದಾನೆ. ಅದೇ 1604ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ ತಂಬಾಕಿನ ವಿರುದ್ಧ ಒಂದು ಹೊತ್ತಗೆಯನ್ನೇ ಅಚ್ಚು ಹಾಕಿಸಿದ. ಮುಂದೆ ದಖ್ಖನಿನಲ್ಲಿ ಹುಕ್ಕಾ ಬೆಳೆಯಿತು. ಬೀದರಿನ ಕುಶಲಕರ್ಮಿಗಳು ಕಪ್ಪು ಲೋಹದಲ್ಲಿ ಬೆಳ್ಳಿಯ ಕುಸುರಿ ಹಾಕಿ ಮಾಡಿದ ಹುಕ್ಕಾದ ಬುಡಗಳನ್ನು ಇವತ್ತಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಕಾಣಬಹುದು. ಆದರೆ ವಾದ ನಡೆಯುತ್ತಿರುವುದು ಕೈಯಲ್ಲಿ ಹಿಡಿದು ಓಡಾಡುವ ಚಿಕ್ಕ ಪೈಪಿನ ಬಗ್ಗೆ. ಅದರ ಕಥೆ ಯುರೋಪಿನದು.

ಆ ಚಿಕ್ಕ ಪೈಪು ಮೊದಲು ಬಂದದ್ದು ಮಣ್ಣಿನಲ್ಲಿ. ಇಂಗ್ಲೆಂಡಿನ ಬ್ರೋಸ್ಲಿ, ಹಾಲೆಂಡಿನ ಗೌಡಾ ಎಂಬ ಊರುಗಳು ಇದಕ್ಕೆ ಹೆಸರಾಗಿದ್ದವು. ಬಿಳಿ ಜೇಡಿಮಣ್ಣನ್ನು ಎರಡು ಹೋಳಿನ ಅಚ್ಚಿಗೆ ಒತ್ತಿ, ಕೊಳವೆಯೊಳಗೆ ತಂತಿ ತೂರಿಸಿ ದಾರಿ ಮಾಡಿ, ಆವಿಗೆಯಲ್ಲಿ ಸುಡುತ್ತಿದ್ದರು. ತಂಬಾಕು ದುಬಾರಿಯಾಗಿದ್ದ ಕಾಲದಲ್ಲಿ ಪೈಪಿನ ಬಟ್ಟಲು ಬೆರಳ ತುದಿಯಷ್ಟೇ ಇತ್ತು. ಬೆಲೆ ಇಳಿದಂತೆ ಬಟ್ಟಲು ದೊಡ್ಡದಾಯಿತು. ಕೊಳವೆ ಉದ್ದವಾದಂತೆ ತಂತಿ ಸಣ್ಣದಾಗುತ್ತ ಬಂತು. ಜೆ. ಸಿ. ಹ್ಯಾರಿಂಗ್ಟನ್ ಎಂಬ ಅಮೆರಿಕದ ಪುರಾತತ್ವಜ್ಞರು 1954ರಲ್ಲಿ ಇದನ್ನೇ ಹಿಡಿದು ಒಂದು ಲೆಕ್ಕ ಕೊಟ್ಟರು. 17ನೇ ಶತಮಾನದ ಆರಂಭದಲ್ಲಿ ಒಂದು ಇಂಚಿನ ಅರವತ್ತನಾಲ್ಕು ಪಾಲಿನಲ್ಲಿ 9 ಪಾಲು ಅಗಲವಿದ್ದ ತೂತು, 18ನೇ ಶತಮಾನದ ಕೊನೆಯ ಹೊತ್ತಿಗೆ 4 ಪಾಲಿಗೆ ಇಳಿದಿತ್ತು. ಹಾಗಾಗಿ ನೆಲ ಅಗೆದಾಗ ಸಿಗುವ ಮುರುಕು ಪೈಪುಗಳ ತೂತನ್ನು ಅಳೆದು, ಆ ಜಾಗದಲ್ಲಿ ಜನ ವಾಸವಾಗಿದ್ದದ್ದು ಯಾವ ಕಾಲದಲ್ಲಿ ಎಂದು ಅಂದಾಜು ಮಾಡುತ್ತಾರೆ.

ಇಂಥ ಲೆಕ್ಕ ಸಾಧ್ಯವಾದದ್ದೇ ಮುರುಕುಗಳು ಅಷ್ಟು ಹೇರಳವಾಗಿ ಸಿಗುವುದರಿಂದ. ಥೇಮ್ಸ್ ನದಿಯ ದಡದ ಕೆಸರಿನಲ್ಲಿ ಇವತ್ತಿಗೂ ಅವು ಸಿಗುತ್ತಲೇ ಇವೆ. ಮಣ್ಣಿನ ಪೈಪು ಬಾಳಿಕೆಗೆಂದು ಮಾಡಿದ್ದಲ್ಲ. ಅಗ್ಗಕ್ಕೆ ಕೊಂಡು, ಸೇದಿ, ಒಡೆದರೆ ಎಸೆಯುವ ವಸ್ತು ಅದು. ಇನ್ನೊಂದು ತೊಂದರೆಯೂ ಇತ್ತು. ಗಟ್ಟಿ ಮಣ್ಣಿನ ಕೊಳವೆಯನ್ನು ವರ್ಷಗಟ್ಟಲೆ ಹಲ್ಲಿನಲ್ಲಿ ಕಚ್ಚಿ ಹಿಡಿದವರ ಹಲ್ಲುಗಳು ದುಂಡಗೆ ಸವೆದು ಹೋಗುತ್ತಿದ್ದವು. ಬ್ರಿಟನ್ನಿನ ಹಳೆಯ ಸಮಾಧಿಗಳ ಅಸ್ಥಿಗಳಲ್ಲಿ ಆ ಕಚ್ಚು ಈಗಲೂ ಕಾಣುತ್ತದೆ. ಹಳೆಯ ಕಾಲದಲ್ಲಿ ಎಲ್ಲವನ್ನೂ ತಲೆಮಾರುಗಳ ಬಾಳಿಕೆಗೆ ಮಾಡುತ್ತಿದ್ದರು ಎಂಬ ಮಾತಿಗೆ ಇಲ್ಲೇ ಮೊದಲ ಪೆಟ್ಟು ಬೀಳುತ್ತದೆ.

ಪೈಪಿನ ಎರಡನೆಯ ವಸ್ತು ಮೀರ್‌ಶಾಮ್. ಟರ್ಕಿಯ ಎಸ್ಕಿಶೆಹಿರ್ ಸುತ್ತಮುತ್ತ ನೆಲದಡಿಯಿಂದ ತೆಗೆಯುವ ಬಿಳಿಯ, ಹಗುರವಾದ ಖನಿಜ. ಒದ್ದೆಯಾಗಿದ್ದಾಗ ಸಾಬೂನಿನಷ್ಟು ಮೃದು, ಹಾಗಾಗಿ ಅದರಲ್ಲಿ ಎಂಥ ಕುಸುರಿಯನ್ನೂ ಕೆತ್ತಬಹುದು. 19ನೇ ಶತಮಾನದಲ್ಲಿ ವಿಯೆನ್ನಾದ ಕೆತ್ತನೆಗಾರರು ಇದರಲ್ಲಿ ಕುದುರೆ, ರಾಜ, ಸುಂದರಿ ಎಲ್ಲವನ್ನೂ ಅರಳಿಸಿದರು. ಜೇನುಮೇಣ ಹಚ್ಚಿದ ಈ ಪೈಪು ಸೇದುತ್ತ ಹೋದಂತೆ ಜೇನಿನ ಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆತ್ತನೆಯ ವಿಷಯದಲ್ಲಿ ಆ ಕಾಲದ ವಿಯೆನ್ನಾವನ್ನು ಮೀರಿಸಿದವರು ಕಡಿಮೆ. ಆದರೆ ಅದೇ ಕಾಲದಲ್ಲಿ, ಕೆತ್ತಿ ಉಳಿದ ಚೂರುಗಳನ್ನು ಪುಡಿ ಮಾಡಿ, ಅಂಟಿಸಿ ಒತ್ತಿ ಮಾಡಿದ ಅಗ್ಗದ ಪೈಪುಗಳೂ ಮಾರುಕಟ್ಟೆಗೆ ಬಂದವು. ಅವೂ ಈಗ ನೂರು ವರ್ಷ ದಾಟಿವೆ, ಅವನ್ನೂ ಹಳೆಯವು ಎಂದೇ ಮಾರುತ್ತಾರೆ.

ಇನ್ನು ನಿಜವಾದ ವಾದದ ವಸ್ತು, ಬ್ರೈಯರ್ ಮರದ ಪೈಪು. ಮೆಡಿಟರೇನಿಯನ್ ಸಮುದ್ರದ ಸುತ್ತ, ಕಾರ್ಸಿಕಾ, ಇಟಲಿಯ ಕಲಾಬ್ರಿಯಾ, ಗ್ರೀಸ್, ಅಲ್ಜೀರಿಯಾಗಳ ಒಣ ಗುಡ್ಡಗಳಲ್ಲಿ ಎರಿಕಾ ಆರ್ಬೋರಿಯಾ ಎಂಬ ಪೊದೆ ಬೆಳೆಯುತ್ತದೆ. ಅದರ ಬೇರಿಗೂ ಕಾಂಡಕ್ಕೂ ನಡುವೆ, ನೆಲದ ಮಟ್ಟದಲ್ಲಿ ಒಂದು ಗಂಟು ಬೆಳೆದುಕೊಳ್ಳುತ್ತದೆ. ಕಾಡ್ಗಿಚ್ಚಿನಲ್ಲಿ ಮೇಲಿನ ಪೊದೆಯೆಲ್ಲ ಸುಟ್ಟುಹೋದರೂ ಈ ಗಂಟಿನಿಂದ ಗಿಡ ಮತ್ತೆ ಚಿಗುರುತ್ತದೆ. ಪೈಪು ಆಗುವುದು ಆ ಗಂಟು. ಕೆಂಡವನ್ನು ಒಡಲಲ್ಲಿ ಇಟ್ಟುಕೊಂಡರೂ ಸುಲಭಕ್ಕೆ ಸುಡದ ಮರ ಅದು. ಪೈಪಿಗೆ ಬೇಕಾದ ಗಾತ್ರಕ್ಕೆ ಆ ಗಂಟು ಬೆಳೆಯಲು ಹಲವು ದಶಕ ಹಿಡಿಯುತ್ತದೆ. ಅಗೆದು ತೆಗೆದ ಮೇಲೆ ಬಿರುಕು ಬಿಡದಂತೆ ತೇವದಲ್ಲಿಟ್ಟು, ಕೊಯ್ದು, ಗಂಟೆಗಟ್ಟಲೆ ಕುದಿಸಿ ಒಗರು ತೆಗೆದು, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಬೇಕು.

ಫ್ರಾನ್ಸಿನ ಜೂರಾ ಬೆಟ್ಟಗಳ ಸೇಂಟ್ ಕ್ಲೋಡ್ ಊರಿನವರು ಮೊದಲೇ ಮರ ಕಡೆಯುವುದರಲ್ಲಿ ಪಳಗಿದವರು. ಯಾತ್ರಿಕರಿಗಾಗಿ ಜಪಮಾಲೆ, ಸಣ್ಣ ಪುಟ್ಟ ಸಾಮಾನು ಕಡೆದು ಮಾರುತ್ತಿದ್ದರು. 1850ರ ದಶಕದಲ್ಲಿ ಬ್ರೈಯರ್ ಅವರ ಕೈಗೆ ಸಿಕ್ಕಿತು. ಕೆಲವೇ ದಶಕಗಳಲ್ಲಿ ಆ ಊರು ಜಗತ್ತಿಗೇ ಪೈಪು ಕಳಿಸುವಂತಾಯಿತು. ಅಷ್ಟರಲ್ಲಿ ಇನ್ನೊಂದು ವಸ್ತುವೂ ಒದಗಿತ್ತು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ವಲ್ಕನೈಟ್. ಬಾಯಿಗಿಡುವ ತುದಿಗೆ ಅದು ಹೇಳಿ ಮಾಡಿಸಿದಂತಿತ್ತು. ಹಲ್ಲಿಗೆ ಹಿತ, ಅರದಿಂದ ಎಷ್ಟು ತೆಳುವಾಗಿಯಾದರೂ ಉಜ್ಜಬಹುದು.

ಸಂಗ್ರಹಕಾರರು ಕಣ್ಣರಳಿಸಿ ಮಾತಾಡುವ ಕಾಲ ಇಲ್ಲಿಂದ ಶುರು. ಡಬ್ಲಿನ್ನಿನಲ್ಲಿ ಲಾಟ್ವಿಯಾದಿಂದ ವಲಸೆ ಬಂದ ಚಾರ್ಲ್ಸ್ ಪೀಟರ್ಸನ್ 1890ರಲ್ಲಿ ಒಂದು ಪೇಟೆಂಟು ಪಡೆದ. ಹೊಗೆಯ ಜೊತೆ ಬರುವ ತೇವ ಬಾಯಿಗೆ ತಲುಪುವ ಮೊದಲೇ ಪೈಪಿನೊಳಗಿನ ಒಂದು ಗುಂಡಿಯಲ್ಲಿ ಇಳಿದು ನಿಲ್ಲುವ ಏರ್ಪಾಡು ಅದು. ಲಂಡನ್ನಿನಲ್ಲಿ ಆಲ್ಫ್ರೆಡ್ ಡನ್‌ಹಿಲ್ 1907ರಲ್ಲಿ ಡ್ಯೂಕ್ ಬೀದಿಯಲ್ಲಿ ತಂಬಾಕಿನ ಅಂಗಡಿ ತೆರೆದು, 1910ರಲ್ಲಿ ಸ್ವಂತ ಪೈಪು ಕಾರ್ಖಾನೆ ಆರಂಭಿಸಿದ. ಕೊರೆದ ಬಟ್ಟಲನ್ನು ಎಣ್ಣೆಯಲ್ಲಿ ನೆನೆಸಿ, ಕಾವಿನಲ್ಲಿಟ್ಟು ಆ ಎಣ್ಣೆಯನ್ನು ಬೆವರಿಳಿಸಿ, ಒರೆಸಿ ತೆಗೆಯುವ ಕ್ರಮ ಅಲ್ಲಿತ್ತು. 1917ರಲ್ಲಿ ಮರಳು ಊದಿ ಮರದ ಮೃದು ಭಾಗ ಸವೆಸಿ, ಗಟ್ಟಿ ಎಳೆಗಳು ಎದ್ದು ಕಾಣುವಂತೆ ಮಾಡುವ ವಿಧಾನಕ್ಕೂ ಅವನು ಪೇಟೆಂಟಿಗೆ ಅರ್ಜಿ ಹಾಕಿದ. ಡನ್‌ಹಿಲ್ ಪೈಪಿನ ಮೇಲೆ ಒತ್ತಿದ ಅಂಕೆಯಿಂದ ಅದು ಯಾವ ವರ್ಷದ್ದೆಂದು ಇಂದಿಗೂ ಓದಬಹುದು.

ಆ ಕೆಲಸ ನಿಜಕ್ಕೂ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಕಾರ್ಖಾನೆಯ ಇನ್ನೊಂದು ಬಾಗಿಲನ್ನೂ ನೋಡಬೇಕು. ಬ್ರೈಯರ್ ಗಂಟಿನೊಳಗೆ ಕಲ್ಲು, ಮರಳು ಸೇರಿಕೊಂಡ ಸಣ್ಣ ಗುಳಿಗಳಿರುತ್ತವೆ, ಕಡೆಯುವವರೆಗೆ ಅವು ಕಾಣುವುದಿಲ್ಲ. ಹಾಗೆ ದೋಷ ಕಂಡ ಬಟ್ಟಲುಗಳನ್ನು ಡನ್‌ಹಿಲ್ ತನ್ನ ಹೆಸರಿನಲ್ಲಿ ಮಾರದೆ, 1920ರ ದಶಕದಲ್ಲಿ ಪಾರ್ಕರ್ ಎಂಬ ಬೇರೆ ಹೆಸರಿನಲ್ಲಿ ಮಾರಲು ಶುರುಮಾಡಿತು. ಉಳಿದ ದೊಡ್ಡ ಮನೆಗಳಲ್ಲೂ ಇದೇ ರೂಢಿ. ಗುಳಿಗೆ ಲಪ್ಪ ತುಂಬಿ, ಮೇಲೆ ದಟ್ಟ ಬಣ್ಣ ಬಳಿದು ಮಾರುವ ಅಗ್ಗದ ಪೈಪುಗಳು ಆಗಲೂ ರಾಶಿ ರಾಶಿ ಇದ್ದವು. ಅವೆಲ್ಲ ಈಗ ಎಲ್ಲಿ? ಸುಟ್ಟುಹೋದವು, ಬಿರುಕು ಬಿಟ್ಟವು, ಕಸಕ್ಕೆ ಹೋದವು. ಜೋಪಾನ ಮಾಡಿ ಇಟ್ಟುಕೊಂಡದ್ದು ಚೆನ್ನಾಗಿದ್ದವನ್ನು ಮಾತ್ರ. ರೇಡಿಯೋದಲ್ಲಿ ಹಳೆಯ ಚಿತ್ರಗೀತೆ ಕೇಳಿ ಆ ಕಾಲದಲ್ಲಿ ಎಲ್ಲ ಹಾಡೂ ಹೀಗೇ ಇದ್ದವು ಅಂದುಕೊಳ್ಳುತ್ತೇವಲ್ಲ, ಸೋತ ಹಾಡುಗಳನ್ನು ಯಾರೂ ಮತ್ತೆ ಹಾಕುವುದಿಲ್ಲ ಎಂಬುದನ್ನು ಮರೆತು, ಇದೂ ಹಾಗೆಯೇ.

ಹಳೆಯದೆಲ್ಲ ಒಳ್ಳೆಯದಲ್ಲ ಎನ್ನುವುದಕ್ಕೆ ಎರಡನೇ ಮಹಾಯುದ್ಧ ಇನ್ನೂ ನೇರವಾದ ಸಾಕ್ಷಿ. ಮೆಡಿಟರೇನಿಯನ್ ದಾರಿ ಮುಚ್ಚಿ ಬ್ರೈಯರ್ ಬರುವುದು ನಿಂತಾಗ ಅಮೆರಿಕದ ಕಾರ್ಖಾನೆಗಳು ತಮ್ಮಲ್ಲೇ ಸಿಗುವ ಮೌಂಟನ್ ಲಾರೆಲ್, ಕ್ಯಾಲಿಫೋರ್ನಿಯಾದ ಮಂಜನೀಟಾ ಪೊದೆಗಳ ಗಂಟನ್ನು ಅಗೆದು ಪೈಪು ಮಾಡಿದವು. ಡೆನ್ಮಾರ್ಕಿನಲ್ಲಿ 1942ರಲ್ಲಿ ಆರಂಭವಾದ ಸ್ಟಾನ್‌ವೆಲ್ ಕಂಪನಿಯ ಮೊದಲ ಪೈಪುಗಳು ಬೀಚ್ ಮರದವು. ಆ ಪೈಪುಗಳಿಗೂ ಈಗ ಎಂಬತ್ತು ದಾಟಿದೆ. ಆದರೆ ಅವು ಕೊರತೆಯ ಕಾಲದ ಮಾಲು ಎಂದು ಅವನ್ನು ಮಾಡಿದವರಿಗೇ ಗೊತ್ತಿತ್ತು.

ಯುದ್ಧದ ನಂತರ ಎರಡು ದಾರಿಗಳು ತೆರೆದವು, ಒಂದು ಇಳಿಯುವ ದಾರಿ, ಇನ್ನೊಂದು ಏರುವ ದಾರಿ.

ಇಳಿದದ್ದು ಕಾರ್ಖಾನೆಯ ನಡುಮಟ್ಟದ ಪೈಪು. ಜನ ಸಿಗರೇಟಿಗೆ ಒಗ್ಗಿಹೋಗಿದ್ದರು. 1954ರಿಂದ 1962ರವರೆಗೆ ನಡೆದ ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧದಿಂದ ಅಲ್ಲಿನ ಮರ ಸಿಗುವುದು ಕಷ್ಟವಾಯಿತು. ಲಂಡನ್ನಿನ ಹಳೆಯ ಮನೆತನಗಳು ಒಂದೊಂದಾಗಿ ಕೈ ಬದಲಾದವು. 1960ರ ದಶಕದ ಆರಂಭದ ಹೊತ್ತಿಗೆ ಬಾರ್ಲಿಂಗ್ ಕುಟುಂಬದ ಕಂಪನಿ ಇಂಪೀರಿಯಲ್ ಟೊಬ್ಯಾಕೋ ಪಾಲಾಗಿತ್ತು. ಆ ಮಾರಾಟಕ್ಕೆ ಮುಂಚಿನ ಬಾರ್ಲಿಂಗ್, ನಂತರದ ಬಾರ್ಲಿಂಗ್ ಎಂದು ಸಂಗ್ರಹಕಾರರು ಈಗಲೂ ಬೆಲೆಯಲ್ಲೇ ಗೆರೆ ಎಳೆಯುತ್ತಾರೆ. ಬಾಯಿತುದಿಗೆ ವಲ್ಕನೈಟ್ ಬದಲು ಆಕ್ರಿಲಿಕ್ ಹೆಚ್ಚಾಯಿತು. ಅದರ ಹೊಳಪು ಮಾಸುವುದಿಲ್ಲ, ಆದರೆ ಹಲ್ಲಿಗೆ ಗಟ್ಟಿ. ವಲ್ಕನೈಟ್ ಬಿಸಿಲಿಗೆ ಹಸಿರುಗಂದು ಬಣ್ಣಕ್ಕೆ ತಿರುಗಿ ನಾಲಗೆಗೆ ಗಂಧಕದ ರುಚಿ ಕೊಡುತ್ತದೆ. ಒಂದೊಂದಕ್ಕೂ ಒಂದೊಂದು ಕೊರತೆ. ಆದರೂ ಸಾಮಾನ್ಯ ಬೆಲೆಯ ಪೈಪಿನಲ್ಲಿ, ತುಟಿಗೆ ತಾಗುವ ತುದಿಯನ್ನು ಕೈಯಿಂದ ಉಜ್ಜಿ ತೆಳುವಾಗಿಸುವ ತಾಳ್ಮೆ ಹಿಂದಿನಷ್ಟು ಉಳಿಯಲಿಲ್ಲ. ಹಳೆಯ ಪೈಪನ್ನು ಹೊಗಳುವವರ ಮಾತು ಇಲ್ಲಿ ನಿಜ.

ಏರಿದ ದಾರಿ ಕೋಪನ್‌ಹೇಗನ್ನಿನದು. ಅಲ್ಲಿ ಪೈಪು ರಿಪೇರಿ ಮಾಡಿಕೊಂಡಿದ್ದ ಸ್ವೀಡನ್ನಿನ ಸಿಕ್ಸ್‌ಟೆನ್ ಈವಾರ್ಸನ್ ಹಳೆಯ ಕ್ರಮವನ್ನೇ ತಿರುಗಿಸಿ ಹಾಕಿದ. ಕಾರ್ಖಾನೆಯಲ್ಲಿ ಮೊದಲು ತೂತು ಕೊರೆದು, ಆಮೇಲೆ ಗೊತ್ತಾದ ಅಳತೆಗೆ ಮರವನ್ನು ಕಡೆಯುತ್ತಿದ್ದರು. ಈತ ಮೊದಲು ಮರದ ಎಳೆ ಎತ್ತ ಹರಿಯುತ್ತದೆಂದು ನೋಡಿ, ಅದಕ್ಕೆ ತಕ್ಕಂತೆ ಆಕಾರ ಕೊಟ್ಟು, ತೂತನ್ನು ಕೊನೆಗೆ ಕೊರೆದ. ಎಳೆಗಳು ನೇರವಾಗಿ ಮೇಲೇರಿ ನಿಲ್ಲುವಂತೆ ಪೈಪು ತಿರುಗಿಸುವುದು ಇದರಿಂದ ಸಾಧ್ಯವಾಯಿತು. ಸ್ಟಾನ್‌ವೆಲ್ ಕಾರ್ಖಾನೆಗೂ ಅವನೇ ಆಕಾರಗಳನ್ನು ರೂಪಿಸಿಕೊಟ್ಟ. ಮಗ ಲಾರ್ಸ್, ಮೊಮ್ಮಗಳು ನಾನಾ ಅದೇ ಕಸುಬು ಹಿಡಿದರು. ಜಪಾನಿನ ತ್ಸುಗೆ ಕಂಪನಿಯ ಕೆಲಸಗಾರರು ಡೆನ್ಮಾರ್ಕಿಗೆ ಹೋಗಿ ಕಲಿತು ಬಂದರು. ಇಟಲಿಯ ಕಾಂಟೂ ಊರಿನಲ್ಲಿ 1947ರಲ್ಲಿ ಶುರುವಾದ ಕಾಸ್ಟೆಲ್ಲೋ, ಆಮೇಲೆ ಜರ್ಮನಿ, ಅಮೆರಿಕಗಳ ಒಂಟಿ ಕಸುಬುದಾರರು, ಹೀಗೆ ಒಬ್ಬನೇ ಕೂತು ಒಂದೊಂದಾಗಿ ಪೈಪು ಮಾಡುವ ಪರಂಪರೆ ಬೆಳೆಯಿತು. ಗಾಳಿಯ ದಾರಿ ಬಟ್ಟಲಿನ ತಳದ ನಟ್ಟನಡುವೆ ತೆರೆಯಬೇಕು, ಬಾಯಿತುದಿಯ ಕೀಲು ಸಂದಿಯಿಲ್ಲದೆ ಕೂರಬೇಕು ಎಂಬ ಹಟ ಇವರದು. ಈ ಲೆಕ್ಕದಲ್ಲಿ ಇವತ್ತಿನ ಶ್ರೇಷ್ಠ ಪೈಪನ್ನು 1920ರ ಶ್ರೇಷ್ಠ ಪೈಪು ಮೀರಿಸುವುದಿಲ್ಲ.

ಈ ಎರಡು ದಾರಿಗಳ ನಡುವೆ ಅಮೆರಿಕದ ಮೆಕ್ಕೆಜೋಳದ ದಿಂಡಿನ ಪೈಪಿನ ಕಥೆ ಸ್ವಾರಸ್ಯವಾಗಿದೆ. ಮಿಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಊರಿನಲ್ಲಿ 1869ರಿಂದ ಅದನ್ನು ಮಾಡುತ್ತ ಬಂದಿದ್ದಾರೆ. ಎರಡನೇ ಮಹಾಯುದ್ಧದ ಅಮೆರಿಕದ ಸೇನಾನಿ ಜನರಲ್ ಮ್ಯಾಕ್‌ಆರ್ಥರ್ ಬಾಯಲ್ಲಿದ್ದದ್ದು ಅದೇ. ಕಾಳು ಹೆಚ್ಚು ಬರಲೆಂದು ತಳಿಗಳನ್ನು ಬದಲಿಸಿದಂತೆ ಮೆಕ್ಕೆಜೋಳದ ದಿಂಡು ಸಣಕಲಾಯಿತು. ಹಾಗಾಗಿ ದಪ್ಪ ದಿಂಡು ಬಿಡುವ ಬೇರೆ ತಳಿಯನ್ನು ಪೈಪಿಗೆಂದೇ ಬೆಳೆಸಬೇಕಾಯಿತು. ಕೈ ಕೆಡದಿದ್ದರೂ ಕಚ್ಚಾವಸ್ತು ಬದಲಾಗುವುದಕ್ಕೆ ಇದು ಉದಾಹರಣೆ.

ಹಾಗಾದರೆ ಉತ್ತರವೇನು? ಕೌಶಲ ಎಲ್ಲೂ ಕಳೆದುಹೋಗಿಲ್ಲ, ಅದು ಜಾಗ ಬದಲಿಸಿದೆ. ಪೈಪು ಗುಮಾಸ್ತನ, ಬಡಗಿಯ, ಮಾಸ್ತರನ ದಿನಬಳಕೆಯ ವಸ್ತುವಾಗಿದ್ದಾಗ ಕೌಶಲ ಕಾರ್ಖಾನೆಯ ನಡುಮಟ್ಟದಲ್ಲಿತ್ತು, ಏಕೆಂದರೆ ಕೊಳ್ಳುವವರು ಲಕ್ಷಾಂತರ ಇದ್ದರು. ಕೊಳ್ಳುವವರು ಕಡಿಮೆಯಾದಾಗ ನಡುಮಟ್ಟ ಬಡವಾಯಿತು, ಕೌಶಲ ತುದಿಗೆ ಹೋಗಿ ಸೇರಿತು. ಸಾಧಾರಣ ಬೆಲೆಗೆ ಸಾಧಾರಣ ಪೈಪು ಬೇಕೆಂದರೆ ಹಳೆಯದು ಮೇಲು. ಕೈಕೆಲಸದ ತುತ್ತತುದಿ ನೋಡಬೇಕೆಂದರೆ ಇಂದಿನದು ಮೇಲು. ಇನ್ನು ಹಳೆಯ ಪೈಪಿನ ಹೊಗೆ ಮೃದು ಎನ್ನುವ ಮಾತು. ಅದರಲ್ಲಿ ಹೆಚ್ಚಿನ ಪಾಲು ಮಾಡಿದವನದಲ್ಲ, ಬಳಸಿದವನದು. ವರ್ಷಗಟ್ಟಲೆ ಸೇದಿ ಬಟ್ಟಲೊಳಗೆ ಕಟ್ಟಿದ ಇದ್ದಿಲಿನ ಪದರ ಬಿಸಿಯನ್ನು ತಡೆಯುತ್ತದೆ.

ಯಾವುದಾದರೂ ಪೈಪು ಕೈಗೆ ಬಂದರೆ ಅದರ ವಯಸ್ಸು ಕೇಳುವ ಮೊದಲು ಮೂರು ಪರೀಕ್ಷೆ ಮಾಡಿ. ಬಾಯಿತುದಿಯಿಂದ ಶುಚಿ ಮಾಡುವ ತಂತಿ ತೂರಿಸಿದರೆ ಎಲ್ಲೂ ತಡೆಯದೆ ಬಟ್ಟಲಿನ ತಳಕ್ಕೆ ಬರಬೇಕು. ಬಟ್ಟಲಿನ ಗೋಡೆ ಸುತ್ತಲೂ ಒಂದೇ ದಪ್ಪ ಇರಬೇಕು. ಕೀಲಿನಲ್ಲಿ ಬೆಳಕು ತೂರಬಾರದು. ಇದರಲ್ಲಿ ಸೋಲುವ ಹಳೆಯ ಪೈಪುಗಳಿವೆ, ಗೆಲ್ಲುವ ಹೊಸ ಪೈಪುಗಳೂ ಇವೆ.

ಒಂದು ವಿಷಯದಲ್ಲಿ ಮಾತ್ರ ಹಳೆಯದಕ್ಕೂ ಹೊಸದಕ್ಕೂ ಭೇದವೇ ಇಲ್ಲ. ಪೈಪು ಸೇದುವವರ ತುಟಿಯಲ್ಲಿ ಕ್ಯಾನ್ಸರ್ ಕಾಣುತ್ತದೆಂದು ಜರ್ಮನಿಯ ವೈದ್ಯ ಸೋಮರಿಂಗ್ 1795ರಲ್ಲೇ ಬರೆದ. ಅಂದಿನಿಂದ ಮರ ಬದಲಾಯಿತು, ರಬ್ಬರು ಬಂತು, ಎಣ್ಣೆಯಲ್ಲಿ ಹದ ಮಾಡಿದರು, ಶೋಧಕ ಹಾಕಿದರು. ಹೊಗೆಯ ಗುಣವನ್ನು ಯಾವ ಕುಶಲಕರ್ಮಿಯಿಂದಲೂ ತಿದ್ದಲಾಗಲಿಲ್ಲ. ಆದ್ದರಿಂದ ಪೈಪನ್ನು ಕೈಯಲ್ಲಿ ಹಿಡಿದು ಮಾಡಿದವನನ್ನು ಧಾರಾಳವಾಗಿ ಮೆಚ್ಚಿಕೊಳ್ಳಿ, ಬೆಂಕಿ ಮಾತ್ರ ಹಚ್ಚಬೇಡಿ.