ಅಂಗನವಾಡಿ ಟೀಚರ್ ಕೈಗೆ ನಾವು ಏನು ಕೊಟ್ಟಿದ್ದೇವೆ?

(ಕಾಸರಗೋಡಿನ ಗಡಿನಾಡ ಯುವಜನರ ಕೂಟವೊಂದರಲ್ಲಿ ಆಡಿದ ಮಾತಿನ ಬರಹರೂಪ)



ಪ್ರತಿ ಜೂನ್ ತಿಂಗಳಲ್ಲಿ ನಾವೆಲ್ಲ ಒಂದೇ ಮಾತು ಆಡ್ತೇವೆ: ಕನ್ನಡ ಶಾಲೆಯ ಒಂದನೇ ಕ್ಲಾಸಿಗೆ ಮಕ್ಕಳು ಸಾಕಾಗ್ಲಿಲ್ಲ. ಆದರೆ ಮಗು ಯಾವ ಮಾಧ್ಯಮಕ್ಕೆ ಹೋಗಬೇಕು ಅನ್ನೋದು ಜೂನ್‌ನಲ್ಲಿ ತೀರ್ಮಾನ ಆಗುವುದಲ್ಲ. ಹೆಚ್ಚಿನ ಮನೆಗಳಲ್ಲಿ ಅದಕ್ಕಿಂತ ಎರಡು ವರ್ಷ ಮೊದಲೇ ಆಗಿಹೋಗಿರ್ತದೆ. ಅಂಗನವಾಡಿಯಿಂದ ಮಗು ಯಾವ ಭಾಷೆಯ ಹಾಡು ಕಲಿತು ಬಂತೋ, ಅಪ್ಪ-ಅಮ್ಮನ ಮನಸ್ಸು ಆ ಕಡೆ ವಾಲುತ್ತದೆ. ಹಾಗಾಗಿ ಇವತ್ತು ಅಂಗನವಾಡಿ ಟೀಚರ್‌ಗಳ ವಿಷಯ ಮಾತಾಡೋಣ.

ನಾವು ಶಿಕ್ಷಣ ತಜ್ಞರಲ್ಲ. ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು. ಲೆಕ್ಕದಿಂದಲೇ ಶುರು ಮಾಡ್ತೇವೆ. ಅಂಗನವಾಡಿ ಯೋಜನೆ, ಅಂದರೆ ಐ.ಸಿ.ಡಿ.ಎಸ್., ದೇಶದ 33 ಕಡೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಅದರಲ್ಲಿ ಆರು ಸೇವೆ: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಬೇಕಾದವರನ್ನು ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ. ಆರಕ್ಕೂ ಓಡಾಡುವವರು ಟೀಚರೇ. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ತುಂಬಿಸುವ ಕೆಲಸ ಬೇರೆ. ಕೇಂದ್ರ ಸರಕಾರ 2018ರ ಅಕ್ಟೋಬರಿನಿಂದ ಗೌರವಧನವನ್ನು 3,000ದಿಂದ 4,500 ರೂಪಾಯಿಗೆ ಏರಿಸಿತು. ಅದರ ಮೇಲೆ ರಾಜ್ಯಗಳು ಕೊಡುವ ಪಾಲು. ಇಷ್ಟು ಹೊತ್ತವರ ಹತ್ತಿರ "ಕನ್ನಡ ಯಾಕೆ ಕಲಿಸ್ಲಿಲ್ಲ" ಅಂತ ಕೇಳುವ ಮೊದಲು, ಕಲಿಸಲಿಕ್ಕೆ ಅವರ ಕೈಗೆ ಏನು ಕೊಟ್ಟಿದ್ದೇವೆ ಅಂತ ನಮ್ಮನ್ನು ನಾವು ಕೇಳಿಕೊಳ್ಳಬೇಕು.

ಕಾಗದದ ಮೇಲೆ ಕೊರತೆ ಇಲ್ಲ. 2023ರ ಮೇ ತಿಂಗಳಲ್ಲಿ ಬಂದ 'ಪೋಷಣ್ ಭೀ, ಪಢಾಯಿ ಭೀ' ಕಾರ್ಯಕ್ರಮ ದಿನಕ್ಕೆ ಕನಿಷ್ಠ ಎರಡು ಗಂಟೆ ಕಲಿಕೆ ಇರಬೇಕು, ಟೀಚರ್‌ಗಳಿಗೆ ತರಬೇತಿ ಸಿಗಬೇಕು ಅನ್ನುತ್ತದೆ. 2024ರಲ್ಲಿ 3ರಿಂದ 6 ವರ್ಷದವರಿಗಾಗಿ 'ಆಧಾರಶಿಲಾ' ಪಠ್ಯಕ್ರಮ ಬಂತು. ಎಳೆಯ ಮಗುವಿಗೆ ಮನೆಮಾತಿನಲ್ಲೇ ಕಲಿಸಿ ಅಂತ 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದೆ. ಆದರೆ ಗಡಿಯಲ್ಲಿ ನಡೆಯುವುದೇನು? ಟೀಚರ್ ಮಲಯಾಳದಲ್ಲಿ ತರಬೇತಿ ಕೇಳಿ, ಮಲಯಾಳದ ಕೈಪಿಡಿ ಹಿಡಿದು, ಮರುದಿನ ಕನ್ನಡ, ತುಳು, ಬ್ಯಾರಿ ಮಾತಾಡುವ ಮಕ್ಕಳ ಎದುರು ನಿಲ್ಲಬೇಕು. ಅನುವಾದದ ಹೊರೆಯೂ ಅವರದ್ದೇ. ತಾಳವಾಡಿಯಲ್ಲಿ ತಮಿಳು, ಜತ್ತಿನಲ್ಲಿ ಮರಾಠಿ, ಮಡಕಶಿರಾದಲ್ಲಿ ತೆಲುಗು; ಗೋಳು ಇದೇ.

ಕಾನೂನಿನ ಮಾತು ಒಂದಿದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯ ಶಿಕ್ಷಣ ಅನ್ನುವ ಸಂವಿಧಾನದ 350-ಎ ವಿಧಿ 1956ರಲ್ಲಿ ಸೇರಿತು. ಅದು 'ಪ್ರಾಥಮಿಕ ಹಂತ' ಅಂತ ಹೇಳುತ್ತದೆ. ಅಂಗನವಾಡಿ ಅದರಲ್ಲಿ ಬರುವುದಿಲ್ಲ ಅಂತ ಜಾರಿಕೊಳ್ಳಲಿಕ್ಕೆ ದಾರಿ ಇದೆ. ಆದರೆ 2020ರ ಶಿಕ್ಷಣ ನೀತಿ ಶಾಲಾಪೂರ್ವದ ಮೂರು ವರ್ಷ ಮತ್ತು ಒಂದು-ಎರಡನೇ ಕ್ಲಾಸನ್ನು ಸೇರಿಸಿ ಒಂದೇ ಬುನಾದಿ ಹಂತ ಮಾಡಿದೆ. ಬುನಾದಿ ಒಂದೇ ಆದ ಮೇಲೆ ಭಾಷೆ ಎರಡು ಯಾಕೆ? ಅರ್ಜಿಯಲ್ಲಿ ನಾವು ಬರೆಯಬೇಕಾದ ವಾದ ಇದು.

ಅರ್ಜಿಗೆ ಉತ್ತರ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. 'ಅಂಗನವಾಡಿ'ಯ ಕಲ್ಪನೆಯನ್ನೇ ಬೆಳೆಸಿದವರು ಮಹಾರಾಷ್ಟ್ರದ ತಾರಾಬಾಯಿ ಮೋಡಕ್. 1945ರಲ್ಲಿ ಬೋರ್ಡಿಯಲ್ಲಿ ಕೆಲಸ ಶುರು ಮಾಡಿದ ಅವರು, ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಕೇರಿಯ ಅಂಗಳಕ್ಕೆ ಒಯ್ದರು. ದುಬಾರಿ ಆಟಿಕೆಗಳ ಬದಲು ಸುತ್ತಮುತ್ತ ಸಿಗುವ ಸಾಮಾನು ಬಳಸಿದರು. ನಮ್ಮಲ್ಲೂ ಸಾಮಾನಿಗೆ ಬರವಿಲ್ಲ. ಚೆನ್ನೆಮಣೆ ನೋಡಿ: 14 ಗುಳಿ, ಗುಳಿಗೆ 4ರಂತೆ 56 ಕಾಯಿ. ಎಣಿಸುವುದು, ಹಂಚುವುದು, ತನ್ನ ಸರದಿಗೆ ಕಾಯುವುದು ಎಲ್ಲ ಅದರಲ್ಲೇ ಇದೆ. ಆದರೆ ಮೂರು ವರ್ಷದ ಮಗು ಕಾಯಿಯನ್ನು ಬಾಯಿಗೋ ಮೂಗಿಗೋ ಹಾಕಿಕೊಂಡೀತು. ಅವರಿಗೆ ಗೆರಟೆ, ಅಡಿಕೆ ಹಾಳೆಯ ತುಂಡು ಸಾಕು.

ಇನ್ನು ನಾವು ಮಾಡಬಹುದಾದ ಕೆಲಸ.

1. ಅಂಗನವಾಡಿಗೆ ಹೋಗಿ. ಇನ್ಸ್‌ಪೆಕ್ಟರ್ ತರಹ ಅಲ್ಲ, ಟೀಚರಿಗೆ ಪುರುಸೊತ್ತಿರುವ ಹೊತ್ತಿಗೆ. "ಟೀಚರೇ, ಎಂತ ಬೇಕು?" ಅಂತ ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ.

2. ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್' ತಾಣದಲ್ಲಿ ಕನ್ನಡದ ಚಿತ್ರಕತೆಗಳು ಉಚಿತ, ಪ್ರಿಂಟ್ ತೆಗೆಯಲಿಕ್ಕೂ ಅನುಮತಿ ಇದೆ. ಹತ್ತು ಕತೆ ಆರಿಸಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಕೊಡಿ. ಕರ್ನಾಟಕದ ಅಂಗನವಾಡಿಗಳ 'ಚಿಲಿಪಿಲಿ' ಚಟುವಟಿಕೆ ಪುಸ್ತಕವನ್ನೂ ತರಿಸಿ ತೋರಿಸಿ.

3. ತರಬೇತಿಯ ಕೈಪಿಡಿಯನ್ನು ಟೀಚರ್ ಜೊತೆ ಕೂತು ಕನ್ನಡ ಮಾಡಿ. ಎರಡೂ ಭಾಷೆ ಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ವಾರಕ್ಕೆ ಎರಡು ಪುಟ ಆದರೂ ಆಯ್ತು.

4. ಅಜ್ಜಿಯರ ಜೋಗುಳ, ಒಗಟು, ಕತೆಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಟೀಚರ್‌ಗಳಿಗೆ ಕಳಿಸಿ.

5. ಮಕ್ಕಳೆಷ್ಟು, ಮನೆಮಾತು ಯಾವುದು ಅಂತ ಪಟ್ಟಿ ಮಾಡಿ, ಕನ್ನಡದಲ್ಲಿ ತರಬೇತಿ ಬೇಕು ಅಂತ ಸಿ.ಡಿ.ಪಿ.ಒ. ಕಚೇರಿಗೆ ಬರೆಯಿರಿ. ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅಂಕಿ ಇಲ್ಲದ ಅರ್ಜಿ ಕಡತದಲ್ಲೇ ಉಳಿಯುತ್ತದೆ, ಇದು ಕೌಂಟರಿನಲ್ಲಿ ಕೂತು ನಾವು ಕಂಡದ್ದು.

ಇದರಲ್ಲಿ ಮಲಯಾಳದ ಮೇಲೆ ದ್ವೇಷ ಇಲ್ಲ. ಅದನ್ನೂ ನಮ್ಮ ಮಕ್ಕಳು ಕಲಿಯಲಿ. ಮನೆಯ ಮಾತು ಗಟ್ಟಿಯಾದ ಮಗುವಿಗೆ ಎರಡನೆಯ ಭಾಷೆ ಕಷ್ಟ ಆಗುವುದಿಲ್ಲ.

ಮುಂದಿನ ಕೂಟಕ್ಕೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ವಾರ್ಡಿನ ಒಂದು ಅಂಗನವಾಡಿಯ ಪಟ್ಟಿ ತನ್ನಿ. ಅಲ್ಲಿಂದ ಮುಂದಿನ ಕೆಲಸ ಹಂಚಿಕೊಳ್ಳೋಣ.